ಕದಿರಯ್ಯನವರು ಮತ್ತು ಮೂರು ಗೆರೆ

ಕದಿರಯ್ಯನವರು ಮೊದಲ ಸಲ ನಮ್ಮ ಶಾಲೆಗೆ ಬಂದಾಗ ನಾನು ಅವರನ್ನು ಬಿಸಿಯೂಟದ ಒಲೆ ರಿಪೇರಿಯವರೆಂದು ತಿಳಿದು ಅಡುಗೆ ಕೋಣೆಯ ದಾರಿ ತೋರಿಸಿದ್ದೆ. ಮಾಸಿದ ಖಾಕಿ ಪ್ಯಾಂಟು, ಹೆಗಲಿಗೆ ರೆಕ್ಸಿನ್ ಚೀಲ, ಚೀಲದೊಳಗೆ ಕಬ್ಬಿಣದ ಸದ್ದು. ಇನ್ನಾರಿರಬೇಕು? ಎರಡು ದಿನದಿಂದ ಒಲೆ ಸರಿಯಾಗಿ ಉರಿಯುತ್ತಿಲ್ಲವೆಂದು ಅಡುಗೆಯ ಲಕ್ಕಮ್ಮ ಬೇರೆ ಗೊಣಗುತ್ತಿದ್ದಳು. ಆ ಮನುಷ್ಯ ಎದುರಾಡದೆ ಒಳಗೆ ಹೋದರು. ಬರ್ನರ್ ಬಿಚ್ಚಿ, ಮುಚ್ಚಿಹೋಗಿದ್ದ ತೂತುಗಳನ್ನು ಪಿನ್ನಿನಿಂದ ಬಿಡಿಸಿ, ಮತ್ತೆ ಜೋಡಿಸಿ, ಕೈ ತೊಳೆದುಕೊಂಡು ಅರ್ಧ ಗಂಟೆಗೆ ಸ್ಟಾಫ್ ರೂಮಿಗೆ ಬಂದರು.

"ಒಲೆ ಸರಿ ಹೋಯ್ತು ಮೇಡಮ್ಮೋರೆ. ಈಗ ನಾನು ಬಂದ ಕೆಲ್ಸ ಹೇಳ್ಲಾ?" ಅಂದರು.

ನಾನು ಸಿದ್ದಗಂಗಮ್ಮ. ಶಿರಾ ತಾಲ್ಲೂಕು ತಾವರೆಕೆರೆ ಹೋಬಳಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಸಿಟ್ಟು ಬೇಗ ಬರುತ್ತದೆ, ಇಳಿಯುವುದು ತಡ. ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಕಡಿಮೆ. ಗಣಿತದವರಿಗೆ ಸಾಮಾನ್ಯವಾಗಿ ಇರುವ ಕಾಯಿಲೆ ಅದು. ಕದಿರಯ್ಯನವರ ಬಗ್ಗೆ ಬರೆಯಲು ಕೂತರೆ ನನ್ನ ತಪ್ಪನ್ನೂ ಬರೆಯಬೇಕಾಗುತ್ತದೆ. ಅದಕ್ಕೇ ಮೂರು ವರ್ಷ ಇವತ್ತು ನಾಳೆ ಎಂದು ತಳ್ಳುತ್ತಾ ಬಂದೆ.

ಅವರು ಬಂದ ಕೆಲಸ ಇಷ್ಟು. ಕೊರಟಗೆರೆ ಕಡೆಯ ಕೈಗಾರಿಕಾ ಪ್ರದೇಶದಲ್ಲಿ ಟ್ರ್ಯಾಕ್ಟರುಗಳಿಗೆ ಪಿನ್ನು, ಶಾಫ್ಟು ಮಾಡುವ ಒಂದು ಕಾರ್ಖಾನೆಯಿದೆ. ಅಲ್ಲಿ ತಯಾರಾದ ಮಾಲನ್ನು ಅಳೆದು, ಸರಿಯಿದ್ದರೆ ಪಾಸು, ಇಲ್ಲದಿದ್ದರೆ ರಿಜೆಕ್ಟು ಎಂದು ಹೇಳುವ ಇನ್‌ಸ್ಪೆಕ್ಟರು ಇವರು. ಕಾರ್ಖಾನೆಗೆ ವಾರದ ರಜೆ ಬುಧವಾರ. ಆ ಬುಧವಾರ ಮನೆಯಲ್ಲಿ ಮಲಗುವುದು ಬಿಟ್ಟು ಇವರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕಿನ ಶಾಲೆಗಳನ್ನು ಸುತ್ತುತ್ತಿದ್ದರು. ಕಾರ್ಖಾನೆಯಲ್ಲಿ ಏನು ಕೆಲಸ ಇರುತ್ತದೆ, ಅದಕ್ಕೆ ಶಾಲೆಯ ಯಾವ ಪಾಠ ಬೇಕು ಎಂದು ಮಕ್ಕಳಿಗೆ ತೋರಿಸುವುದು. ಯಾರೂ ಕಳಿಸಿರಲಿಲ್ಲ. ಮೊದಲೆರಡು ವರ್ಷ ಬಸ್ ಚಾರ್ಜು ಕೂಡ ಸ್ವಂತದ್ದೇ.

ನಿಜ ಹೇಳಿಬಿಡುತ್ತೇನೆ, ನನಗೆ ಆಸಕ್ತಿ ಇರಲಿಲ್ಲ. ಕಾರ್ಖಾನೆ ಎಂದರೆ ಫೇಲಾದವರು ಹೋಗುವ ಜಾಗ ಎಂದು ನಾನು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ತರಗತಿಯಲ್ಲಿ ಗದರಿಸುವಾಗ ಹೇಳುತ್ತಲೂ ಇದ್ದೆ. ಆದರೆ ಒಲೆ ರಿಪೇರಿ ಮಾಡಿಸಿಕೊಂಡ ಋಣ ಒಂದಿತ್ತಲ್ಲ, ಹತ್ತನೇ ತರಗತಿಯ ಒಂದು ಪೀರಿಯಡ್ ಬಿಟ್ಟುಕೊಟ್ಟೆ.

ಅವರು ಚೀಲದಿಂದ ಮೈಕ್ರೋಮೀಟರು ತೆಗೆದರು. ಕುದುರೆ ಲಾಳದ ಆಕಾರದ ಚೌಕಟ್ಟು, ಅದರ ಬಾಯಲ್ಲಿ ಎದುರುಬದುರು ಎರಡು ದವಡೆ, ಹಿಂದೆ ತಿರುಗಿಸುವ ಹಿಡಿ, ಹಿಡಿಯ ಸುತ್ತ ಸಣ್ಣ ಸಣ್ಣ ಗೆರೆಗಳು. "ಒಂದು ಗೆರೆ ಅಂದ್ರೆ ಒಂದು ಮಿಲಿಮೀಟರ್‌ನ ನೂರು ಪಾಲು ಮಾಡಿ ಅದ್ರಾಗೆ ಒಂದು ಪಾಲು. ಯಾರಾನ ಒಂದು ತಲೆಕೂದ್ಲು ಕೊಡ್ರಪ್ಪ" ಅಂದರು.

ಎರಡನೇ ಬೆಂಚಿನ ರಕ್ಷಾ ತನ್ನ ಜಡೆಯಿಂದ ಒಂದು ಕಿತ್ತುಕೊಟ್ಟಳು. ದವಡೆಗಳ ನಡುವೆ ಇಟ್ಟು ಹಿಡಿಯನ್ನು ಕಟಕಟ ತಿರುಗಿಸಿದರು. ಎಂಟು ಗೆರೆ. ಬೋರ್ಡಿನ ಮೇಲೆ 0.08 ಎಂದು ಬರೆದರು. ಆಮೇಲೆ ಇಡೀ ತರಗತಿ ತಲೆಗೆ ಕೈ ಹಾಕಿತು. ಏನು ಗಲಾಟೆ ಎಂದು ನೋಡಲು ಬಂದ ಹೆಡ್ ಮಾಸ್ಟರ್ ಮರುಳಸಿದ್ದಯ್ಯನವರು ಕೂಡ ಉಳಿದಿದ್ದ ಆಸ್ತಿಯಲ್ಲಿ ಒಂದನ್ನು ದಾನ ಮಾಡಿದರು. ಐದು ಗೆರೆ. ಎಂಟನೇ ತರಗತಿಯಿಂದ ದಶಮಾಂಶ ಬಿಂದು ಎಲ್ಲಿಡಬೇಕೆಂದು ತಿಳಿಯದಿದ್ದ ಹುಡುಗರು ಆ ದಿನ 0.07 ದೊಡ್ಡದೋ 0.1 ದೊಡ್ಡದೋ ಎಂದು ತಾವಾಗಿಯೇ ಜಗಳವಾಡಿದರು. ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಪದ ಇಲ್ಲ ಅದಕ್ಕೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಕಥೆ ಕೇಳಿದೆ. ಊರು ಪಾವಗಡದಾಚೆ, ಆಂಧ್ರದ ಗಡಿಗೆ ಒಂದು ಕೂಗಳತೆ. ಕದಿರಿ ನರಸಿಂಹಸ್ವಾಮಿ ಒಕ್ಕಲು, ಅದಕ್ಕೇ ಈ ಹೆಸರು. ತಂದೆಗೆ ಬಸ್ ಸ್ಟಾಪಿನ ಬೇವಿನ ಮರದಡಿ ಸೈಕಲ್ ಶಾಪು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಎರಡು ಸಲ ಫೇಲು.

"ನಮ್ಮ ಮೇಷ್ಟ್ರು ಅಂದ್ರು, ನಿನ್ನ ತಲೆಗೆ ಲೆಕ್ಕ ಹತ್ತಾಕಿಲ್ಲ, ನಿಮ್ಮಪ್ಪನ ಪಂಚರ್ ಅಂಗಡಿ ಐತಲ್ಲ, ಅಲ್ಲಿಗೋಗು ಅಂತ. ನಾಯ್ನ ಅಂಗಡಿಗೆ ಕರ್ಕಂಡೋಗಿ ಪಾನಾ ಕೈಗೆ ಕೊಟ್ಟ."

ನಾಯ್ನ ಎಂದರೆ ಅವರ ಕಡೆ ಅಪ್ಪ, ಪಾನಾ ಎಂದರೆ ನಟ್ಟು ಬಿಚ್ಚುವ ಸ್ಪ್ಯಾನರು. ಹದಿನೆಂಟಕ್ಕೆ ಬೆಂಗಳೂರಿನ ಪೀಣ್ಯಕ್ಕೆ ಹೋದರು. ಲೇತ್ ಮೆಷಿನ್ನಿನ ಕೆಳಗೆ ಬಿದ್ದ ಕಬ್ಬಿಣದ ಸಿಪ್ಪೆ ಗುಡಿಸುವ ಕೆಲಸ. ನಾಲ್ಕು ವರ್ಷದ ಮೇಲೆ ಒಬ್ಬ ಫೋರ್‌ಮನ್ ಮೈಕ್ರೋಮೀಟರು ಕೈಗೆ ಕೊಟ್ಟು ಓದಲು ಹೇಳಿಕೊಟ್ಟನಂತೆ.

"ನನಗೆ ದಶಮಾಂಶ ತಲೆಗೆ ಹತ್ತಲಿಲ್ಲ ಮೇಡಮ್ಮೋರೆ, ಬೆರಳಿಗೆ ಹತ್ತಿತು. ಇದೇ ಲೆಕ್ಕ ಅಂತ ಯಾರಾನ ಹತ್ತನೇ ಕ್ಲಾಸ್‌ನಾಗೆ ಒಂದು ಸಲ ಕೈಗೆ ಕೊಟ್ಟು ತೋರ್ಸಿದ್ರೆ ನಾನು ಯಾಕೆ ಫೇಲಾಯ್ತಿದ್ದೆ?"

ಮೂವತ್ತೊಂದನೇ ವಯಸ್ಸಿಗೆ ಖಾಸಗಿಯಾಗಿ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡರು. ಗಣಿತದಲ್ಲಿ ಎಪ್ಪತ್ತೊಂದು. ಕೊರಟಗೆರೆ ಕಡೆ ಈ ಕಾರ್ಖಾನೆ ಶುರುವಾದಾಗ ಊರಿಗೆ ಹತ್ತಿರವಾಯಿತೆಂದು ಬಂದು, ಕೊರಟಗೆರೆಯಲ್ಲೇ ಬಾಡಿಗೆ ಮನೆ ಮಾಡಿಕೊಂಡರು. ಆ ಪಂಚರ್ ಅಂಗಡಿಯ ಮಾತನ್ನು ಅವರು ನಗುತ್ತಲೇ ಹೇಳಿದರು. ನಾನು ನಗಲಿಲ್ಲ, ಯಾಕೆಂದರೆ ಅಂಥದೇ ಮಾತನ್ನು ಆ ವಾರವೇ ಒಬ್ಬ ಹುಡುಗನಿಗೆ ಅಂದಿದ್ದೆ.

ಅವರದ್ದೊಂದು ಷರತ್ತಿತ್ತು. ಮಕ್ಕಳಿಗಿಂತ ಮೊದಲು ಮೇಷ್ಟ್ರುಗಳು ಕಲಿಯಬೇಕು. "ನಾನು ಬರೋದು ಬುಧವಾರ ಒಂದಿನ. ನೀವು ಆರು ದಿನ ಇರ್ತೀರ. ನಿಮಗೆ ಗೊತ್ತಿಲ್ದಿದ್ರೆ ನಾನು ಹೋದ ಮೇಲೆ ಎಲ್ಲಾ ಅಳಿಸಿಹೋಯ್ತದೆ." ತಮ್ಮ ಮ್ಯಾನೇಜರ ಕೈಕಾಲು ಹಿಡಿದು, ನಾಲ್ಕು ತಾಲ್ಲೂಕಿನ ಹದಿನಾಲ್ಕು ಮೇಷ್ಟ್ರುಗಳನ್ನು ಒಂದು ದಿನ ಕಾರ್ಖಾನೆಗೆ ಕರೆಸಿಯೂಬಿಟ್ಟರು. ಎಣ್ಣೆ ಕೊಳೆ ಇರುತ್ತದೆಂದು ನಾನು ಹಳೇ ಸೀರೆ ಉಟ್ಟು ಹೋದೆ. ಅಲ್ಲಿನ ನೆಲ ನಮ್ಮನೆ ಅಡುಗೆ ಮನೆಗಿಂತ ಚೊಕ್ಕಟವಾಗಿತ್ತು. ಮಧುಗಿರಿ ಕಡೆಯ ಇಪ್ಪತ್ತೆರಡರ ಹುಡುಗಿಯೊಬ್ಬಳು ಓಡುತ್ತಿದ್ದ ಮೆಷಿನ್ ನಿಲ್ಲಿಸಿ, "ಮಾಲು ಇನ್ನೂ ಹಾಳಾಗಿಲ್ಲ ಮೇಡಂ, ಆದ್ರೆ ಅಳತೆ ಒಂದು ಕಡೆಗೇ ಜರುಗ್ತಾ ಐತೆ, ಅದಕ್ಕೆ ನಿಲ್ಲಿಸ್ದೆ" ಅಂದಳು. ಅವಳ ಪರದೆಯ ಮೇಲೆ ನಾನು ಇಪ್ಪತ್ತು ವರ್ಷದಿಂದ ಪರೀಕ್ಷೆಗೆಂದು ಉರು ಹೊಡೆಸುತ್ತಿದ್ದ ಟ್ಯಾನ್ ತೀಟಾ ಇತ್ತು. ಅದರಿಂದ ಶಾಫ್ಟಿನ ತುದಿಯ ಓರೆ ಲೆಕ್ಕ ಹಾಕುತ್ತಾರೆಂದು ಆವತ್ತು ಮೊದಲ ಸಲ ಕಣ್ಣಾರೆ ಕಂಡೆ. 

ಆ ವರ್ಷ ಕಾರ್ಖಾನೆಯವರು ತಮ್ಮ ತರಬೇತಿ ಶಾಲೆಗೆ ನಮ್ಮ ನಾಲ್ಕು ತಾಲ್ಲೂಕಿನಿಂದ ಆರು ಮಕ್ಕಳನ್ನು ತೆಗೆದುಕೊಳ್ಳುತ್ತೇವೆಂದರು. ಹೆಣ್ಣುಮಕ್ಕಳೂ ಬರಬಹುದು. ಹತ್ತನೇ ತರಗತಿ ಮುಗಿದ ಮೇಲೆ ಮೂರು ವರ್ಷ ಕಲಿಕೆ, ಹಾಸ್ಟೆಲ್ಲು, ಕೈಖರ್ಚಿಗೆ ಸ್ಟೈಪೆಂಡು, ಆಮೇಲೆ ಕೆಲಸ. ಜನವರಿಯಲ್ಲಿ ಪರೀಕ್ಷೆ: ಹತ್ತು ಪಿನ್ನು ಕೊಡುತ್ತಾರೆ, ಮೈಕ್ರೋಮೀಟರಿನಲ್ಲಿ ಅಳೆದು ಬರೆಯಬೇಕು. ಗೆರೆ ತಪ್ಪಿದರೆ ಅಂಕ ಇಲ್ಲ.

ರಕ್ಷಾಗೆ ಆ ಸೀಟು ಬೇಕಿತ್ತು. ಬೇಕಿತ್ತು ಅಂದರೆ ಸಾಲದು. ಅವಳ ಅಕ್ಕ ಹತ್ತನೇ ತರಗತಿಗೇ ಓದು ಬಿಟ್ಟು ಮನೆಯಲ್ಲಿದ್ದಳು, ಹದಿನೆಂಟು ತುಂಬಿದರೆ ಬಟ್ಟೆ ಹೊಲಿಯುವ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೊರಡುವವಳು. ಅಪ್ಪ ಅಶ್ವತ್ಥ ಕಳ್ಳಂಬೆಳ್ಳ ಕಡೆಯಿಂದ ಇಲ್ಲಿಗೆ ಬಂದು ಹೆಂಡತಿಯ ಊರಲ್ಲೇ ಬೇಸಾಯಕ್ಕೆ ನಿಂತವನು. ಕೆಟ್ಟವನಲ್ಲ, ಹಟಮಾರಿ. ಕದಿರಯ್ಯನವರು ಒಂದು ಬುಧವಾರ ಅವರ ಮನೆ ಜಗುಲಿಯ ಮೇಲೆ ಕೂತು ಎಲ್ಲ ವಿವರಿಸಿದರು. ನಾನೂ ಇದ್ದೆ.

"ಕಬ್ಬಿಣದ ಕೆಲ್ಸ ಗಂಡುಮಕ್ಳದು ಅಲ್ವರಾ?" ಅಂದ ಅಶ್ವತ್ಥ.

"ಕಬ್ಬಿಣ ಹೊರೋದು ಮೆಷಿನ್ನು ಕಣಪ್ಪ. ನಿನ್ನ ಮಗಳು ನೋಡೋದು. ನಿಮ್ಮನೇಲಿ ರಾಗಿಯಾಗಿನ ಕಲ್ಲು ಆರ್ಸೋರು ಯಾರು? ನೀನಾ?"

ಒಳಗಿಂದ ಹೆಂಡತಿ ನಕ್ಕಿದ್ದು ಕೇಳಿಸಿತು. ಅಶ್ವತ್ಥ ಮಗಳ ಕಡೆ ತಿರುಗಿ, "ನೋಡು, ಸೀಟ್ ಸಿಕ್ರೆ ಕಳಿಸ್ತೀನಿ. ಸಿಕ್ಲಿಲ್ಲ ಅಂದ್ರೆ ಆಮೇಲೆ ಓದು ಗೀದು ಅಂತ ನನ್ನ ಹಿಂದೆ ಬೀಳ್ಬ್ಯಾಡ. ಮನೇಲಿರು, ಹದಿನೆಂಟಾದ ಮ್ಯಾಲೆ ನಿಮ್ಮಕ್ಕನ ಜೊತೆ ಗಾರ್ಮೆಂಟ್ಸ್ ಬಸ್ ಹತ್ತು" ಅಂದ. ರಕ್ಷಾ "ಊಂ" ಅಂದಳು. ಅಷ್ಟೇ ಒಪ್ಪಂದ.

ಸೆಪ್ಟೆಂಬರಿನಲ್ಲಿ ಕಾರ್ಖಾನೆಗೆ ದೊಡ್ಡ ಆರ್ಡರು ಬಂದು ಬುಧವಾರದ ರಜೆಗಳೂ ರದ್ದಾದವು. ನಮ್ಮ ಶಾಲೆಯಿಂದ ಪರೀಕ್ಷೆಗೆ ನಿಂತಿದ್ದ ರಕ್ಷಾ ಮತ್ತು ಇನ್ನು ಮೂವರಿಗೆ ಅಭ್ಯಾಸ ಮಾಡಿಸಲೆಂದು ಕದಿರಯ್ಯನವರು ತಮ್ಮ ಮೈಕ್ರೋಮೀಟರನ್ನು ಡಬ್ಬಿ ಸಮೇತ ನನ್ನ ಕೈಗೆ ಕೊಟ್ಟರು. "ಮೇಡಮ್ಮೋರೆ, ಒಂದೇ ಮಾತು. ಅಳೆಯೋಕೆ ಮುಂಚೆ ದವಡೆ ಮುಚ್ಚಿ ನೋಡ್ಬೇಕು. ಸೊನ್ನೆ ತೋರ್ಸ್ಬೇಕು. ತೋರ್ಸ್ಲಿಲ್ಲ ಅಂದ್ರೆ ಯಾಕೆ ಅಂತ ನೋಡ್ಬೇಕು. ದಿನಾ ನೋಡ್ಬೇಕು" ಅಂದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳುವುದು ನಮ್ಮ ಕಸುಬಿನ ಗುಣ.

ದಸರಾ ರಜೆ ಬಂತು. ಶಾಲೆಯಲ್ಲಿಟ್ಟರೆ ಕಳುವಾದೀತೆಂದು ಡಬ್ಬಿಯನ್ನು ಶಿರಾದ ನಮ್ಮ ಮನೆಗೆ ತಂದೆ. ಆಯುಧಪೂಜೆಯ ದಿನ ಸ್ಕೂಟರು ತೊಳೆದೆವು. ಈಳಿಗೆ ಮಣೆ, ಕುಡುಗೋಲು, ಹೊಲಿಗೆ ಮೆಷಿನ್ನು, ನಮ್ಮ ಯಜಮಾನರ ಸ್ಕ್ರೂಡ್ರೈವರು ಎಲ್ಲವನ್ನೂ ಸಾಲಾಗಿ ಜೋಡಿಸಿದೆ. ಆಗ ಈ ಮೈಕ್ರೋಮೀಟರು ನೆನಪಾಯಿತು. ಬೇರೆಯವರ ಅನ್ನದ ಸಾಮಾನು, ಅದಕ್ಕೆ ಮೊದಲು ಪೂಜೆಯಾಗಬೇಕು ಎಂದು ಎಲ್ಲಕ್ಕಿಂತ ಮುಂದೆ ಇಟ್ಟೆ. ಕುಡುಗೋಲಿಗೆ ನಾವು ಕೆಲಸ ಮಾಡುವ ಬಾಯಿಗೇ ಕುಂಕುಮ ಇಡುತ್ತೇವೆ, ಹಿಡಿಗಲ್ಲ. ಇದಕ್ಕೂ ಹಾಗೇ ಇಟ್ಟೆ. ದವಡೆಗಳೆರಡಕ್ಕೂ ಒದ್ದೆ ವಿಭೂತಿ, ಅದರ ಮೇಲೆ ಕುಂಕುಮ, ಹಿಡಿಗೆ ಒಂದು ಸೇವಂತಿಗೆ. ನಿಂಬೆಹಣ್ಣು ಕುಯ್ದು, ಕೈಮುಗಿದು, ನಮ್ಮ ಹುಡುಗಿಗೆ ಸೀಟು ಸಿಗಲಪ್ಪ ಎಂದು ಬೇಡಿಕೊಂಡೆ. ಮಾರನೆಯ ದಿನ ಸೆರಗಿನಿಂದ ಒರೆಸಿದೆ. ಫಳಫಳ ಹೊಳೆಯಿತು. ಡಬ್ಬಿಗೆ ಹಾಕಿದೆ.

ರಜೆ ಮುಗಿದು ಮೊದಲ ದಿನವೇ ರಕ್ಷಾ ಹೇಳಿದಳು. "ಮಿಸ್, ಮುಚ್ಚಿದ್ರೂ ಮೂರು ಗೆರೆ ತೋರಿಸ್ತೈತೆ. ಮೊದ್ಲು ಸೊನ್ನೆ ಬರ್ತಿತ್ತು. ಯಾಕೆ ಮಿಸ್?"

ನಾನು ಮಾದರಿ ಪ್ರಶ್ನೆಪತ್ರಿಕೆ ತಿದ್ದುತ್ತಿದ್ದೆ. ತಲೆಯೆತ್ತದೆ ಹೇಳಿದೆ: "ಹಳೇದಲ್ವಾ, ಸವೆದಿರುತ್ತೆ. ಬಂದ ಉತ್ತರದಲ್ಲಿ ಮೂರು ಕಳೆದು ಬರೀರಿ."

ಲೆಕ್ಕಕ್ಕೆ ಅದು ಸರಿಯಾಗಿಯೇ ಇತ್ತು. ಮೂರು ಕಳೆದರೆ ಸರಿಯಾದ ಅಳತೆ ಬರುತ್ತಿತ್ತು. ನವೆಂಬರಿನ ಹೊತ್ತಿಗೆ ನಾಲ್ಕು ಮಕ್ಕಳು ಎಷ್ಟು ಪಳಗಿದರೆಂದರೆ ಮುಚ್ಚಿ ನೋಡುವುದನ್ನೇ ಬಿಟ್ಟರು. ಅಳತೆ ತೆಗೆ, ಮೂರು ಕಳೆ, ಬರೆ. ನಾನು ಅದನ್ನು ಬೋರ್ಡಿನ ಮೂಲೆಯಲ್ಲಿ ಸೂತ್ರದ ಹಾಗೆ ಬರೆದು ಸುತ್ತ ಚೌಕ ಬೇರೆ ಹಾಕಿದ್ದೆ.

ಜನವರಿಯಲ್ಲಿ ಕಾರ್ಖಾನೆಗೆ ನಾಲ್ಕೂ ಮಕ್ಕಳನ್ನು ಕರೆದುಕೊಂಡು ಹೋದೆ. ನಲವತ್ತೊಂದು ಮಕ್ಕಳು ಬಂದಿದ್ದರು. ವಾರದ ಮೇಲೆ ಪಟ್ಟಿ ಬಂತು. ನಮ್ಮವರು ಒಬ್ಬರೂ ಇರಲಿಲ್ಲ. ಹತ್ತಕ್ಕೆ ನಾಲ್ವರದೂ ಸೊನ್ನೆ.

ರಕ್ಷಾ ಅಳಲಿಲ್ಲ. ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಬಂದು ಕಡೆಯ ಬೆಂಚಿನಲ್ಲಿ ಕೂತಳು. ಇವರಿಗೆ ಸರ್ಕಾರಿ ಶಾಲೆಯವರೆಂದರೆ ಅಸಡ್ಡೆ, ಮೊದಲೇ ಆರಿಸಿಟ್ಟಿರುತ್ತಾರೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಕೂಗಾಡಿದೆ. ಕದಿರಯ್ಯನವರ ಹೆಸರನ್ನೂ ಸೇರಿಸಿಕೊಂಡು ಆಡಬಾರದ ಮಾತಾಡಿದೆ. ಮರುಳಸಿದ್ದಯ್ಯನವರು ಪೇಪರ್ ಅಡ್ಡ ಹಿಡಿದು ಕೂತಿದ್ದರು.

ಮುಂದಿನ ಬುಧವಾರ ಕದಿರಯ್ಯನವರು ಬಂದರು. ಹತ್ತಿರ ಹತ್ತಿರ ಐದು ತಿಂಗಳಾಗಿತ್ತು ಅವರು ಬಂದು. ನಾನು ಬನ್ನಿ ಅನ್ನಲಿಲ್ಲ. ಅವರೇ ಕುರ್ಚಿ ಎಳೆದುಕೊಂಡು, ಚೀಲದಿಂದ ನಾಲ್ಕು ಉತ್ತರ ಪತ್ರಿಕೆಗಳ ಜೆರಾಕ್ಸ್ ತೆಗೆದು ಮೇಜಿನ ಮೇಲೆ ಹರಡಿದರು.

"ಮೇಡಮ್ಮೋರೆ, ಮಕ್ಳು ತಪ್ಪು ಮಾಡಿದ್ರೆ ಒಂದ್ಸಲ ಹೆಚ್ಚು ಬರ್ತದೆ, ಒಂದ್ಸಲ ಕಮ್ಮಿ ಬರ್ತದೆ. ಇಲ್ಲಿ ನೋಡ್ರಿ. ನಾಲ್ಕು ಜನ, ನಲವತ್ತು ಅಳತೆ. ನಲವತ್ತೂ ಮೂರು ಗೆರೆ ಕಮ್ಮಿ. ಒಂದೂ ಆಚೆ ಈಚೆ ಇಲ್ಲ. ಇಂಥ ಕೈ ನಮ್ಮ ಕಾರ್ಖಾನೇಲೂ ಇಲ್ಲ. ಆ ಮೈಕ್ರೋಮೀಟ್ರು ತತ್ತಾರಿ" ಅಂದರು.

ನಾನು ಡಬ್ಬಿ ಕೊಟ್ಟೆ. ದವಡೆ ಮುಚ್ಚಿ ನೋಡಿದರು. ಮೂರು ಗೆರೆ. "ಹಳೇದು, ಸವೆದಿದೆ" ಅಂದೆ ನಾನು, ಇನ್ನೂ ಸಿಟ್ಟಿನಲ್ಲೇ.

"ಸವೆದ್ರೆ ಕಮ್ಮಿ ತೋರ್ಸ್ತದೆ. ಹೆಚ್ಚು ತೋರ್ಸಾಕಿಲ್ಲ" ಎಂದು ಅವರು ಮೆಲ್ಲಗೆ ಹೇಳಿದರು. ನನ್ನ ನೋಟ್‌ಬುಕ್ಕಿನಿಂದ ಬಿಳಿ ಹಾಳೆಯ ಒಂದು ಚೂರು ಹರಿದು, ದವಡೆಗಳ ನಡುವೆ ಇಟ್ಟು, ಹಗುರವಾಗಿ ಬಿಗಿ ಮಾಡಿ, ಹಾಳೆಯನ್ನು ಎಳೆದರು. ಇನ್ನೊಂದು ಸಲ ಎಳೆದರು. ಹಾಳೆಯ ಮೇಲೆ ಬೂದಿ ಬಣ್ಣದ ಒಂದು ಗೀಟು, ಅದರ ಅಂಚಿನಲ್ಲಿ ಕೆಂಪು. ಮೂಗಿನ ಹತ್ತಿರ ಹಿಡಿದು ನೋಡಿದರು.

"ವಿಭೂತಿ" ಅಂದರು.

ಮುಚ್ಚಿ ತೋರಿಸಿದರು. ಸೊನ್ನೆ.

ಕಾರ್ಖಾನೆಯ ಮೈಕ್ರೋಮೀಟರುಗಳಲ್ಲಿ ವಿಭೂತಿ ಇರಲಿಲ್ಲ, ನಮ್ಮ ಮಕ್ಕಳು ಅಲ್ಲೂ ಮೂರು ಕಳೆದು ಬರೆದಿದ್ದರು. ಆಯುಧಪೂಜೆ ಮಾಡಿದ್ದನ್ನು ಹೇಳಿದೆ. ಮಗು ಯಾಕೆ ಎಂದು ಕೇಳಿತ್ತು, ನಾನು ತಲೆಯೆತ್ತದೆ ಉತ್ತರ ಕೊಟ್ಟೆ ಎಂಬುದನ್ನೂ ಹೇಳಿದೆ. ಸ್ಟಾಫ್ ರೂಮಿನಲ್ಲಿ ಅವರನ್ನು ಬೈದದ್ದನ್ನೂ ಹೇಳಿಬಿಟ್ಟೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಅವರು ಬೈದಿದ್ದರೆ ಹಗುರಾಗುತ್ತಿತ್ತೇನೋ.

"ಪೂಜೆ ಮಾಡಿದ್ದು ತಪ್ಪಲ್ಲ ಬುಡಿ. ನಾವೂ ಮಾಡ್ತೀವಿ, ಡಬ್ಬಿಗೆ ಇಡ್ತೀವಿ" ಎಂದಷ್ಟೇ ಹೇಳಿ, ಆ ಹಾಳೆ ಚೂರನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಹೊರಡುವ ಮುಂಚೆ ನಾಲ್ಕು ಮಕ್ಕಳನ್ನೂ ಕರೆದು ಹಾಳೆ ಎಳೆದು ಒರೆಸುವುದನ್ನು ತೋರಿಸಿಕೊಟ್ಟರು.

ಆ ಚೂರನ್ನೂ ನಾಲ್ಕು ಪತ್ರಿಕೆಗಳನ್ನೂ ಅವರು ತರಬೇತಿ ಶಾಲೆಯ ಮುಖ್ಯಸ್ಥ ಗೌರೀಶನ ಮುಂದೆ ಇಟ್ಟರಂತೆ. ಮೂವತ್ತರ ಇಂಜಿನಿಯರು, ರೂಲ್ಸ್ ಅಂದರೆ ರೂಲ್ಸ್. ಪಟ್ಟಿ ಬದಲಾಯಿಸುವುದಿಲ್ಲ ಅಂದ. ಬದಲಾಯಿಸಿ ಎಂದು ಕದಿರಯ್ಯನವರೂ ಕೇಳಲಿಲ್ಲವಂತೆ, ತಪ್ಪು ಉತ್ತರ ತಪ್ಪೇ. ಆದರೆ ಫೆಬ್ರವರಿಯಲ್ಲಿ ಆರಿಸಿದ ಹುಡುಗನೊಬ್ಬ ಬೇರೆ ಕಡೆ ಸೀಟು ಹಿಡಿದು ಬಿಟ್ಟುಹೋದ. ಒಂದು ಸ್ಥಾನಕ್ಕೆ ಮತ್ತೆ ಪರೀಕ್ಷೆ, ಮೊದಲ ಸಲ ಆಯ್ಕೆಯಾಗದ ಎಲ್ಲರೂ ಬರಬಹುದು ಎಂದು ಗೌರೀಶ ಪತ್ರ ಕಳಿಸಿದ. ಕೆಳಗೆ ಒಂದು ಸಾಲು: ಜೊತೆಗೆ ಬರುವ ಶಿಕ್ಷಕರೂ ಪರೀಕ್ಷೆಗೆ ಕೂರಬೇಕು.

ಆ ಎರಡು ವಾರ ನಾನು ಮಕ್ಕಳ ತಲೆಗೆ ಒಂದೇ ವಿಷಯ ತುಂಬಿದೆ. ಕಳೆಯಬೇಡಿ. ಬೋರ್ಡಿನ ಮೂಲೆಯ ಹಳೇ ಸೂತ್ರ ಅಳಿಸಿ, ಅದೇ ಚೌಕದೊಳಗೆ 'ಏನನ್ನೂ ಕಳೆಯಬಾರದು' ಎಂದು ಬರೆದೆ. ಮಧುಗಿರಿಯಲ್ಲಿ ಬಸ್ ಬದಲಾಯಿಸುವಾಗಲೂ ನಾಲ್ಕು ಮಕ್ಕಳನ್ನು ನಿಲ್ಲಿಸಿಕೊಂಡು ಹೇಳಿಸಿದೆ. "ಕಂಡಿದ್ದನ್ನು ಕಂಡ ಹಾಗೆ ಬರೀರಿ. ಏನು?" "ಕಳೆಯಬಾರದು ಮಿಸ್." ರಕ್ಷಾ ಹೇಳಿದಳೋ ಇಲ್ಲವೋ ನೆನಪಿಲ್ಲ.

ಹಾಲಿನಲ್ಲಿ ಉದ್ದ ಮೇಜುಗಳು. ಕದಿರಯ್ಯನವರು ಪರೀಕ್ಷಕರು, ನಮ್ಮ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನನ್ನನ್ನು ಕಡೆಯ ಮೇಜಿಗೆ ಕೂರಿಸಿದರು. ಐವತ್ತು ದಾಟಿದ ಮೇಲೆ ಮತ್ತೆ ಪರೀಕ್ಷೆ. ಒಂದೊಂದೇ ಪಿನ್ನು ದವಡೆಗಿಟ್ಟು, ಕಟಕಟ ತಿರುಗಿಸಿ, ಕಂಡದ್ದನ್ನು ಕಂಡ ಹಾಗೆ ಬರೆದೆ. ಹತ್ತನ್ನೂ ಮುಗಿಸಿ ತಲೆಯೆತ್ತಿದರೆ ರಕ್ಷಾ ಇನ್ನೂ ಒಂದೂ ಬರೆದಿರಲಿಲ್ಲ.

ಅವಳು ಕಚ್ಚಾ ಹಾಳೆಯ ಚೂರು ಹರಿದು ದವಡೆಗಳ ನಡುವೆ ಎಳೆಯುತ್ತಿದ್ದಳು. ಮುಚ್ಚಿ ನೋಡಿದಳು. ಮತ್ತೆ ಎಳೆದಳು. ಮತ್ತೆ ಮುಚ್ಚಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಆಮೇಲೆ ಮೊದಲ ಪಿನ್ನು ಇಟ್ಟು, ಬೆರಳು ಮಡಚಿ ಏನೋ ಲೆಕ್ಕ ಹಾಕಿ ಬರೆದಳು.  ಈ ಹುಡುಗಿ ಇನ್ನೂ ಕಳೆಯುತ್ತಿದ್ದಾಳೆ. ನಾನು ಕೆಮ್ಮಿದೆ. ಅವಳು ನನ್ನನ್ನು ನೋಡಿದಳು. ನಾನು ಬೇಡ ಎಂದು ತಲೆಯಾಡಿಸಿದೆ. ಪರೀಕ್ಷೆಯಲ್ಲಿ ಸನ್ನೆ ಮಾಡುವುದು ತಪ್ಪೆಂದು ಇಪ್ಪತ್ತು ವರ್ಷ ಮಕ್ಕಳ ಕಿವಿ ಹಿಂಡಿದವಳು ನಾನು. ಅವಳು ಒಂದು ಕ್ಷಣ ನೋಡಿ, ತಲೆ ಬಗ್ಗಿಸಿ, ಮತ್ತೆ ಬೆರಳು ಮಡಚಿದಳು. ಹತ್ತೂ ಪಿನ್ನಿಗೂ ಹಾಗೇ ಮಾಡಿದಳು. ನನಗೆ ಅವಳ ಮೇಲೆ ಬಂದ ಸಿಟ್ಟನ್ನು ಹೇಳಲಾರೆ. ಅಪ್ಪನ ಮಾತು, ಅಕ್ಕ, ಗಾರ್ಮೆಂಟ್ಸ್ ಬಸ್ಸು ಎಲ್ಲ ಕಣ್ಮುಂದೆ ಬಂತು.

ಒಂದು ಗಂಟೆಯ ಮೇಲೆ ಕದಿರಯ್ಯನವರು ಪತ್ರಿಕೆಗಳನ್ನು ತಿದ್ದಿ ತಂದರು. ಗೌರೀಶ ಓದಿದ. ರಕ್ಷಾ, ಹತ್ತಕ್ಕೆ ಹತ್ತು. ಪಾವಗಡದ ಒಬ್ಬ ಹುಡುಗನಿಗೆ ಎಂಟು. ನಮ್ಮ ಉಳಿದ ಮೂವರಿಗೆ ಸೊನ್ನೆ. ಇನ್ನೂ ಬಹಳ ಜನಕ್ಕೆ ಸೊನ್ನೆ. ಆವತ್ತು ಮೇಜಿನ ಮೇಲಿದ್ದ ಪ್ರತಿ ಮೈಕ್ರೋಮೀಟರನ್ನೂ ಮುಚ್ಚಿದಾಗ ಎರಡು ಗೆರೆ ಹೆಚ್ಚು ತೋರಿಸುವ ಹಾಗೆ ಬೇಕೆಂದೇ ತಿರುಗಿಸಿ ಇಟ್ಟಿದ್ದರು. ಮುಚ್ಚಿ ನೋಡಿದವರಿಗೆ ಮಾತ್ರ ಅದು ಕಾಣುತ್ತಿತ್ತು. ನಾನು ನೋಡಿರಲಿಲ್ಲ. ಮೊದಲು ಮೂರು ಕಳೆಯುವುದು ಸೂತ್ರವಾಗಿತ್ತು, ಈಗ ಕಳೆಯದಿರುವುದು ಸೂತ್ರ. ನನ್ನ ಮಾತು ಕೇಳಿದ ಮೂರು ಮಕ್ಕಳು ಎರಡನೆಯ ಸಲವೂ ನನ್ನಿಂದಲೇ ಫೇಲಾದರು. ಅವರಲ್ಲಿ ಇಬ್ಬರು ಈಗ ಐಟಿಐ ಓದುತ್ತಿದ್ದಾರೆ, ಒಬ್ಬಳು ಶಿರಾದಲ್ಲಿ ಪಿಯುಸಿ ಮುಗಿಸಿದ್ದಾಳೆ. ಆದರೂ ನನ್ನ ಮನಸ್ಸಿನಲ್ಲಿ ಅದು ಹಾಗೇ ಇದೆ.

ರಕ್ಷಾಳ ಹಾಳೆಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: 'ಒರೆಸಿ ನೋಡಿದೆ, ಆದರೂ ಎರಡು ಗೆರೆ ಹೆಚ್ಚು ತೋರಿಸುತ್ತದೆ, ಕಳೆದು ಬರೆದಿದ್ದೇನೆ.' ಹೊರಗೆ ಬಂದು ನನ್ನ ಮುಂದೆ ತಪ್ಪು ಮಾಡಿದವಳ ಹಾಗೆ ನಿಂತಳು. "ನೀವು ಕಳೀಬೇಡಿ ಅಂದಿದ್ರಿ ಮಿಸ್. ಆದ್ರೆ ಅದು ಎರಡು ಗೆರೆ ಮುಂದೆ ಇತ್ತು" ಅಂದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. 

ಎಲ್ಲರೂ ಹೋದ ಮೇಲೆ ಕದಿರಯ್ಯನವರು ನನ್ನ ಪತ್ರಿಕೆ ತಂದುಕೊಟ್ಟರು. ಹತ್ತು ಉತ್ತರಕ್ಕೂ ಪೆನ್ಸಿಲಿನಲ್ಲಿ ಗೀಟು. ಅಂಕದ ಜಾಗ ಖಾಲಿ.

"ಅಂಕ ಹಾಕಿಲ್ಲ ನೀವು" ಅಂದೆ.

"ಮೇಷ್ಟ್ರಿಗೆ ಹೆಂಗೆ ಹಾಕ್ಲಿ ಮೇಡಮ್ಮೋರೆ" ಅಂದರು.

"ಹಾಕಿ."

ಅವರು ನನ್ನ ಪೆನ್ನನ್ನೇ ತೆಗೆದುಕೊಂಡು, ಕುರ್ಚಿಯ ಮೇಲೆ ಕೂತು, ಮಗ್ಗಿ ಕಲಿಯುವ ಹುಡುಗನ ಹಾಗೆ ನಿಧಾನವಾಗಿ ಒಂದು ಸೊನ್ನೆ ಬರೆದರು. ಪೆನ್ನು ವಾಪಸ್ ಕೊಡುತ್ತಾ, "ನನಗೂ ಎರಡು ಸಲ ಇಂಗೇ ಆಗಿತ್ತು. ಮೂರನೇ ಸಲ ಬರ್ತದೆ" ಅಂದರು.

ಕದಿರಯ್ಯನವರು ಹೋದ ವರ್ಷ ರಿಟೈರ್ ಆದರು. ಈಗ ಬುಧವಾರ ಒಂದೇ ಅಲ್ಲ, ವಾರವೆಲ್ಲ ಶಾಲೆ ಸುತ್ತುತ್ತಾರೆ, ಮನೆಯಲ್ಲಿ ಹೆಂಡತಿ ಲಕ್ಷ್ಮೀದೇವಮ್ಮನವರ ಕೈಲಿ ಅದಕ್ಕೆ ಬೈಸಿಕೊಳ್ಳುತ್ತಾರೆ. ರಕ್ಷಾ ಮೂರನೇ ವರ್ಷದಲ್ಲಿದ್ದಾಳೆ, ರಜೆ ಸಿಕ್ಕಾಗ ಅವರ ಚೀಲ ಹೊತ್ತುಕೊಂಡು ನಮ್ಮ ಶಾಲೆಗೂ ಬರುತ್ತಾಳೆ. ಅಶ್ವತ್ಥ ಕಿರಿ ಮಗಳು ಕಾರ್ಖಾನೆಯಲ್ಲಿ ಲೆಕ್ಕ ನೋಡುತ್ತಾಳೆಂದು ಊರಲ್ಲಿ ಹೇಳಿಕೊಳ್ಳುತ್ತಾನೆ. ದೊಡ್ಡವಳು ಮತ್ತೆ ಓದುತ್ತೇನೆ ಅಂದಾಗ ಈ ಸಲ ಷರತ್ತು ಹಾಕಲಿಲ್ಲ.

ನನ್ನ ಆ ಪತ್ರಿಕೆ ಹತ್ತನೇ ತರಗತಿಯ ಬೋರ್ಡಿನ ಮೂಲೆಯಲ್ಲಿ, ಹಿಂದೆ ಸೂತ್ರದ ಚೌಕವಿದ್ದ ಜಾಗದಲ್ಲಿ ಅಂಟಿಸಿದೆ. ಜೂನ್‌ನಲ್ಲಿ ಹೊಸದಾಗಿ ಬಂದ ಮಕ್ಕಳಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.

"ಮಿಸ್, ನಿಮಗೆ ಯಾಕೆ ಸೊನ್ನೆ ಬಂತು?"

ನಾನು ತಿದ್ದುತ್ತಿರುವ ಪುಸ್ತಕ ಮುಚ್ಚಿಟ್ಟು, ತಲೆಯೆತ್ತಿ, ಆ ಮಗುವಿನ ಮುಖ ನೋಡಿ ಉತ್ತರ ಹೇಳುತ್ತೇನೆ.

"ಒಂದು ಹುಡುಗಿ ಯಾಕೆ ಅಂತ ಕೇಳಿದಾಗ ನಾನು ತಲೆಯೆತ್ತಿ ನೋಡಲಿಲ್ಲ ಕಣಪ್ಪ. ಅದಕ್ಕೆ."